ಪರದೆಯ ಬಳಿಯ ಅಜ್ಜಿ: ಯಾನ್ ಸ್ಟೇನನ ‘ಸಂತ ನಿಕೋಲಾಸರ ಹಬ್ಬ’

ಡಚ್ ಚಿತ್ರಕಾರ ಯಾನ್ ಸ್ಟೇನ್ 1665–68ರ ಸುಮಾರಿಗೆ ರಚಿಸಿದ ‘ಸಂತ ನಿಕೋಲಾಸರ ಹಬ್ಬ’ ಇಂದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆ. ಡಿಸೆಂಬರ್ 6 ಸಂತರ ಹಬ್ಬ. ಅದರ ಹಿಂದಿನ ರಾತ್ರಿ ಮಕ್ಕಳು ತಮ್ಮ ಪಾದರಕ್ಷೆಗಳನ್ನು ಇಟ್ಟು ಮಲಗುವುದು ಅಲ್ಲಿನ ವಾಡಿಕೆ. ಒಳ್ಳೆಯ ಮಕ್ಕಳಿಗೆ ಸಿಹಿತಿಂಡಿ. ತುಂಟರಿಗೆ ಹೊಡೆಯುವ ಕಡ್ಡಿಗಳ ಕಟ್ಟು. ಈ ಮನೆಯಲ್ಲಿ ಪುಟ್ಟ ಹುಡುಗಿಗೆ ಬೊಂಬೆಯೂ ತಿನಿಸೂ ದೊರೆತಿವೆ. ಎಡಗಡೆ ಅಳುತ್ತ ನಿಂತ ಅಣ್ಣನಿಗೆ ಕಡ್ಡಿಗಳು ಮಾತ್ರ.

ಸತ್ಕಾರ್ಯಕ್ಕೆ ಬಹುಮಾನ, ತಪ್ಪಿಗೆ ದಂಡನೆ ಎಂಬ ನೀತಿಪಾಠವಾಗಿ ಈ ಚಿತ್ರವನ್ನು ಓದುವುದು ಸುಲಭ. ನಮಗೆ ಅದು ಒಪ್ಪಿಗೆಯಾಗದು. ಬಹುಮಾನ ಪಡೆದವಳನ್ನೇ ನೋಡೋಣ. ತಾಯಿ ಅಕ್ಕರೆಯಿಂದ ಕೈಚಾಚಿದ್ದಾಳೆ. ಮಗುವಾದರೋ ಎಲ್ಲವನ್ನೂ ಅವುಚಿಕೊಂಡು ಅತ್ತ ಸರಿಯುತ್ತಿದೆ. ಆ ಬೊಂಬೆಯನ್ನು ಕಲಾ ಇತಿಹಾಸಕಾರರು ಸ್ನಾನಿಕ ಯೊವಾನ್ನನದೆಂದು ಗುರುತಿಸುತ್ತಾರೆ. ಎರಡಂಗಿಯುಳ್ಳವರು ಇಲ್ಲದವರೊಡನೆ ಹಂಚಿಕೊಳ್ಳಬೇಕೆಂದು ಬೋಧಿಸಿದ ಪ್ರವಾದಿಯೇ (ಲೂಕ 3:11) ಹಂಚಲೊಲ್ಲದ ತೋಳುಗಳಲ್ಲಿ ಸಿಕ್ಕಿಕೊಂಡಿದ್ದಾನೆ! ಇತ್ತ ಅಳುವವನತ್ತ ಬೆರಳು ತೋರಿಸಿ ತಮ್ಮನು ನಗುತ್ತಿದ್ದಾನೆ. ಬಹುಮಾನವು ಜಿಪುಣತನವನ್ನೂ ದಂಡನೆಯು ಪರಿಹಾಸ್ಯವನ್ನೂ ಹುಟ್ಟಿಸಿರುವಲ್ಲಿ ನೀತಿ ಗೆದ್ದಿತೆನ್ನುವುದು ಹೇಗೆ?

ಹಿನ್ನೆಲೆಯಲ್ಲಿ, ಹಾಸಿಗೆಯ ಪರದೆಯ ಬಳಿ, ಅಜ್ಜಿಯೊಬ್ಬಳು ಬೆರಳು ಮಡಿಸಿ ಹುಡುಗನನ್ನು ಕರೆಯುತ್ತಿದ್ದಾಳೆ. ಅವನು ಅವಳನ್ನು ಕಂಡಿಲ್ಲ. ಅವನಿಗಾಗಿ ಅಲ್ಲಿ ಏನನ್ನೋ ಬಚ್ಚಿಟ್ಟಿದ್ದಾಳೆಂಬುದು ಹಲವರ ಊಹೆ. ಆದರೆ ಚಿತ್ರಕಾರ ಕಾಣಿಕೆಯನ್ನು ತೋರಿಸಿಲ್ಲ, ಕರೆಯನ್ನಷ್ಟೇ ತೋರಿಸಿದ್ದಾನೆ. ವ್ಯಾಖ್ಯಾನಕಾರರು ಈ ಮಿತಿಯನ್ನು ಮೀರಬಾರದು. ದೈವಶಾಸ್ತ್ರದ ದೃಷ್ಟಿಯಿಂದ ಆ ಕರೆಯೇ ಸಾಕು. ದುಂದುಗಾರ ಮಗನ ಸಾಮತಿಯಲ್ಲಿಯೂ ಮಗನು ತಪ್ಪೊಪ್ಪಿಕೊಳ್ಳುವ ಮೊದಲೇ ತಂದೆ ಓಡಿಬಂದು ಅಪ್ಪಿಕೊಳ್ಳುತ್ತಾನೆ. ಕೃಪೆಯು ಪಶ್ಚಾತ್ತಾಪದ ಕೂಲಿಯಲ್ಲ.

ಸ್ಟೇನ್ ಕಥೋಲಿಕನಾಗಿದ್ದನೆಂಬುದು ಇಲ್ಲಿ ಗಮನಾರ್ಹ. ಕಥೋಲಿಕರ ಬಹಿರಂಗ ಆರಾಧನೆಗೆ ಅಂದಿನ ಡಚ್ ಗಣರಾಜ್ಯದಲ್ಲಿ ನಿಷೇಧವಿತ್ತು. ಹೊರಗೆ ಸಾಧಾರಣ ಮನೆಗಳಂತೆ ತೋರುವ ಗುಪ್ತ ದೇವಾಲಯಗಳಲ್ಲಿ ಬಲಿಪೂಜೆ ನಡೆಯುತ್ತಿತ್ತು. ಸಂತ ನಿಕೋಲಾಸರ ಆಚರಣೆಯನ್ನೂ ಸುಧಾರಿತ ಸಭೆಯ ಬೋಧಕರು ವಿರೋಧಿಸುತ್ತಿದ್ದರು. ಹಬ್ಬ ಮನೆಯೊಳಗೆ ಉಳಿಯಿತು. ಪರದೆಯ ಮರೆಯನ್ನು ಆ ಸಮುದಾಯ ಬಲ್ಲದು.

ನಮ್ಮನ್ನು ಕಾಡುವುದು ಕಡ್ಡಿಗಳ ಕಟ್ಟೇ. ಐತಿಹ್ಯದ ನಿಕೋಲಾಸರು, ಮೀರಾದ ಧರ್ಮಾಧ್ಯಕ್ಷರು, ಬಡವನ ಮೂವರು ಹೆಣ್ಣುಮಕ್ಕಳ ಮದುವೆಗಾಗಿ ರಾತ್ರಿ ಗುಟ್ಟಾಗಿ ಹೊನ್ನನ್ನು ಎಸೆದುಹೋದವರು. ಆ ಹೆಣ್ಣುಮಕ್ಕಳ ಗುಣಾವಗುಣಗಳನ್ನು ಅವರು ವಿಚಾರಿಸಲಿಲ್ಲ. ಅಂಥವರ ಕೈಗೆ ಕಡ್ಡಿಗಳನ್ನು ಕೊಟ್ಟವರು ನಾವು, ಮಕ್ಕಳನ್ನು ಅಂಕೆಯಲ್ಲಿಡಬಯಸುವ ಹಿರಿಯರು. ಧರ್ಮೋಪದೇಶದ ತರಗತಿಗಳಲ್ಲಿ ದೇವರ ಹೆಸರನ್ನು ಇದೇ ಕೆಲಸಕ್ಕೆ ಬಳಸಿದ ಯಾಜಕರಲ್ಲಿ ನಾವೂ ಸೇರಿದ್ದೇವೆ.

ಚಿತ್ರದ ಬಲಗಡೆ ಯುವಕನೊಬ್ಬ ಎಳೆಗೂಸನ್ನು ಎತ್ತಿಕೊಂಡು, ಸಂತರು ಇಳಿದುಬಂದರೆಂದು ಹೊಗೆಗೂಡಿನತ್ತ ಕೈ ತೋರಿಸುತ್ತಿದ್ದಾನೆ. ಅಜ್ಜಿ ಇರುವುದು ಅವರ ಬೆನ್ನ ಹಿಂದೆ.