ಮತ್ತೆ ಫಣಿಯಮ್ಮ

ಭಾನುವಾರ ಸಂಜೆ ಬಸವನಗುಡಿಯಲ್ಲಿ ನಾವು ನಾಲ್ಕೈದು ಗೆಳತಿಯರು ಸೇರಿದರೆ ಕಾಫಿಗೂ ಮುಂಚೆ ಒಂದು ಪ್ರಶ್ನೆ: "ಈಗ ಏನು ಓದ್ತಿದ್ದೀರಿ?" ಮೊನ್ನೆ ಒಬ್ಬರು ಕುಮಾರವ್ಯಾಸ ಎಂದರು, ಇನ್ನೊಬ್ಬರು 'ಮಲೆಗಳಲ್ಲಿ ಮದುಮಗಳು'. ನಾನು ತುಸು ಸಂಕೋಚದಿಂದಲೇ, "ಎಂ.ಕೆ. ಇಂದಿರಾ ಅವರ 'ಫಣಿಯಮ್ಮ', ಮತ್ತೆ" ಎಂದೆ.

"ಪಾಪ, ಎಂಥ ತಾಳ್ಮೆಯ ಹೆಂಗಸು!" ಎಂದರು ಒಬ್ಬರು.

ಮದುವೆಗೆ ಮುಂಚೆ ಓದಿದಾಗ ನನಗೂ ಹಾಗೆಯೇ ಅನ್ನಿಸಿತ್ತು. ಒಂಬತ್ತಕ್ಕೆ ಮದುವೆ, ಬೆನ್ನಿಗೇ ವೈಧವ್ಯ, ಮಡಿಯಲ್ಲೇ ಸವೆದ ಬಾಳು. ಕಣ್ಣು ತುಂಬಿತ್ತು, ಅಷ್ಟೆ. ಐವತ್ತು ದಾಟಿದ ಮೇಲೆ ಬೇರೆಯದೇ ಕಂಡಿತು. ತಲೆ ಬೋಳಿಸಿಕೊಳ್ಳಲು ಒಲ್ಲೆನೆಂದ ದಾಕ್ಷಾಯಣಿಯ ಪರ ನಿಲ್ಲುವವಳು ಇದೇ ಫಣಿಯಮ್ಮ. ತಾನು ಉಂಡ ನೋವನ್ನು ಮುಂದಿನವಳಿಗೆ ಬಡಿಸಲಿಲ್ಲ. ಇದಕ್ಕೆ ಬರೀ ತಾಳ್ಮೆ ಎಂದರೆ ಸಾಕೇ?

ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ, ಅವರಿಗೆ ನಲವತ್ತು ದಾಟಿದ ಮೇಲೆ. 1976ರ 'ಫಣಿಯಮ್ಮ'ದಲ್ಲಿ ಭಾಷಣವಿಲ್ಲ. ಮನೆಮಾತಿನಲ್ಲೇ ಕಥೆ ಸಾಗುತ್ತದೆ. ಅಲ್ಲಲ್ಲಿ ಫಣಿಯಮ್ಮನನ್ನು ತೀರಾ ದೇವತೆ ಮಾಡಿಬಿಟ್ಟರಲ್ಲ ಎಂಬ ಆಕ್ಷೇಪ ನನಗುಂಟು.

ಆದರೂ ಪುಸ್ತಕ ಮುಚ್ಚಿದಾಗ ನೆನಪಾದದ್ದು ನಮ್ಮ ಮನೆಯೇ. ಮಗನ ನಾಮಕರಣದ ದಿನ ಹಿರಿಯರೊಬ್ಬರು ವಿಧವೆ ಅತ್ತಿಗೆಯ ಮುಂದಿನಿಂದ ಕುಂಕುಮದ ಬಟ್ಟಲು ಸರಿಸಿದರು. ಫಣಿಯಮ್ಮನಿಗಾಗಿ ಅತ್ತಿದ್ದ ನಾನು ಸುಮ್ಮನೆ ನಿಂತಿದ್ದೆ.

ಗೆಳತಿಯರಿಗೆ ಅದನ್ನೇ ಹೇಳಿದೆ. ಕಾಫಿ ಆರಿಹೋಯಿತು. ತಾಳ್ಮೆಯ ಮಾತಾಡಿದವರೇ ಕೊನೆಗೆ ಕೈಚಾಚಿದರು: "ಪುಸ್ತಕ ಕೊಡಿ, ನಾನೂ ಇನ್ನೊಂದು ಸಲ ಓದ್ತೀನಿ."