ಕೆಳತಂತಿಯ ಆ ಒಂದು ಸ್ವರ

ವೈಟ್‌ಫೀಲ್ಡಿನ ಶಾಲೆಯೊಂದರ ಸಭಾಂಗಣದಲ್ಲಿ ಹದಿಹರೆಯದ ವಾದಕರಿಗಾಗಿ ಏರ್ಪಡಿಸಿದ್ದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಸ್ಪರ್ಧೆಗೆ ಕೇಳುಗನಾಗಿ ಹೋಗಿದ್ದೆ. ನಾನು ಸಂಗೀತ ವಿದ್ವಾಂಸನಲ್ಲ. ಗುರುಮಠದ ಗಾನವೃಂದದಲ್ಲಿ ಕೆಳಸ್ಥಾಯಿಯ ಧ್ವನಿಗೆ ನಿಂತು, ಮೇಲಿನ ಮೂರು ಧ್ವನಿಗಳಿಗೆ ಕಿವಿಗೊಡುವುದನ್ನು ಕಲಿತವನು, ಅಷ್ಟೆ. ಆ ಕಿವಿಯಿಂದಲೇ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಹದಿನಾರರ ಹುಡುಗಿಯೊಬ್ಬಳು ಮೆಂಡೆಲ್ಸನ್ ರಚಿಸಿದ ಇ ಮೈನರ್ ಪಿಟೀಲು ಕನ್ಸರ್ಟೊದ ಮೊದಲ ಭಾಗವನ್ನು ನುಡಿಸಿದಳು. ಕನ್ಸರ್ಟೊ ಎಂದರೆ ಒಬ್ಬ ಏಕವಾದಕನೂ ಇಡೀ ವಾದ್ಯವೃಂದವೂ ಸೇರಿ ನುಡಿಸಬೇಕಾದ ಕೃತಿ. ಅಲ್ಲಿ ವಾದ್ಯವೃಂದವಿರಲಿಲ್ಲ, ಅದರ ಪಾಲನ್ನು ಶಿಕ್ಷಕರೊಬ್ಬರು ಪಿಯಾನೊದಲ್ಲಿ ನಿರ್ವಹಿಸುತ್ತಿದ್ದರು. ಹುಡುಗಿಯ ಕೈಚಳಕ ಬೆರಗು ಹುಟ್ಟಿಸುವಂಥದ್ದು. ಈ ಕೃತಿಯಲ್ಲಿ ಏಕವಾದಕನಿಗೆ ಸಾವರಿಸಿಕೊಳ್ಳಲು ಸಮಯವೇ ಇಲ್ಲ. ಎರಡನೆಯ ಗತಿಯಲ್ಲೇ ಪ್ರವೇಶಿಸಬೇಕು. ಆಕೆ ಅಳುಕಿಲ್ಲದೆ ಪ್ರವೇಶಿಸಿದಳು. ವೇಗದ ಸ್ವರಮಾಲೆಗಳಲ್ಲಿ ಒಂದು ಸ್ವರವೂ ಜಾರಲಿಲ್ಲ.

ಅನಂತರ ಎರಡನೆಯ ವಸ್ತು ಬಂತು. ಇಲ್ಲಿ ಮೆಂಡೆಲ್ಸನ್ ವಿಚಿತ್ರವೆನಿಸುವ ಕೆಲಸವೊಂದನ್ನು ಮಾಡಿದ್ದಾನೆ. ಶಾಂತವಾದ ಆ ರಾಗವನ್ನು ಮೊದಲು ಕೊಡುವುದು ಕ್ಲಾರಿನೆಟ್ ಮತ್ತು ಕೊಳಲುಗಳಿಗೆ. ಏಕವಾದಕನಿಗೆ ದಕ್ಕುವುದು ಒಂದೇ ಸ್ವರ: ಪಿಟೀಲಿನ ಅತ್ಯಂತ ಕೆಳಗಿನ ತೆರೆದ ತಂತಿಯ ಜಿ. ಉಳಿದವರು ಹಾಡುತ್ತಿರುವಾಗ ಅವರ ಕಾಲಡಿಯ ನೆಲದಂತೆ ಅದನ್ನು ಎಳೆದು ಹಿಡಿದಿರಬೇಕು. ಬೆರಳಿಗೆ ಕೆಲಸವಿಲ್ಲ, ಕೆಲಸವೆಲ್ಲ ಕಮಾನಿಗೆ ಮತ್ತು ಕಿವಿಗೆ. ನಮ್ಮ ಹುಡುಗಿ ಆ ಸ್ವರವನ್ನು ವಿರಾಮವೆಂದೇ ಬಗೆದಳು. ಕಮಾನು ಸಡಿಲವಾಯಿತು, ನಾದ ಸೊರಗಿತು, ಕಣ್ಣು ತೀರ್ಪುಗಾರರ ಮೇಜಿನತ್ತ ಹೊರಳಿತು. ರಾಗ ತನ್ನ ಕೈಗೆ ಬಂದೊಡನೆ ಮತ್ತೆ ಜೀವ ತುಂಬಿಕೊಂಡಳು. ಮೊದಲ ಬಹುಮಾನ ಆಕೆಗೇ ಸಂದಿತು, ಅದು ನ್ಯಾಯವೇ. ಆದರೆ ತೀರ್ಪುಗಾರರು ವೇಗವನ್ನು ಹೊಗಳಿದರು, ಶ್ರುತಿಶುದ್ಧಿಯನ್ನು ಹೊಗಳಿದರು, ಆ ದೀರ್ಘಸ್ವರದ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ.

ಈ ಆಕ್ಷೇಪ ಹುಡುಗಿಯ ಮೇಲಲ್ಲ. ಕ್ಲಾರಿನೆಟ್ ಎದುರಿಗೇ ಇಲ್ಲದಿರುವಾಗ ಯಾರಿಗೆಂದು ನೆಲ ಹಾಸಿಕೊಡಬೇಕು? ಇದೇ ಭಾಗದ ಕಡೆಂಜಾ, ಅಂದರೆ ಏಕವಾದಕ ಒಂಟಿಯಾಗಿ ನುಡಿಸುವ ಖಂಡ, ಮುಗಿಯುವ ಬಗೆಯನ್ನು ಗಮನಿಸಿ. ಪಿಟೀಲು ನಾಲ್ಕು ತಂತಿಗಳ ಮೇಲೆ ಕಮಾನನ್ನು ಪುಟಿಸುತ್ತಲೇ ಇರುತ್ತದೆ. ಅಷ್ಟರಲ್ಲಿ ವಾದ್ಯವೃಂದ ಮೂಲ ರಾಗವನ್ನೆತ್ತಿಕೊಂಡು ಮರಳುತ್ತದೆ. ನಾಯಕನೆನಿಸಿದವನು ಆ ಕ್ಷಣದಲ್ಲಿ ಪಕ್ಕವಾದ್ಯದವನಾಗುತ್ತಾನೆ. 1845ರಲ್ಲಿ ಲೈಪ್‌ಜಿಗ್‌ನಲ್ಲಿ ಈ ಕೃತಿಯನ್ನು ಮೊದಲು ನುಡಿಸಿದ ಫರ್ಡಿನಾಂಡ್ ಡೇವಿಡ್ ಅದೇ ಊರಿನ ವಾದ್ಯವೃಂದದ ಮುಂದಾಳು ಪಿಟೀಲುವಾದಕ. ಸಾಲಿನಿಂದ ಎದ್ದು ಬಂದು ಮುಂದೆ ನಿಂತವನು.

ಅಂದು ಮೊಟಕಾದದ್ದು ಇದೊಂದೇ ಕೃತಿಯಲ್ಲ. ಹುಡುಗನೊಬ್ಬ ಮೊಜಾರ್ಟನ 1785ರ ಡಿ ಮೈನರ್ ಪಿಯಾನೊ ಕನ್ಸರ್ಟೊ ನುಡಿಸಿದ. ವಾದ್ಯವೃಂದದ ದೀರ್ಘ ಪೀಠಿಕೆಯನ್ನು ಸಮಯಾಭಾವದಿಂದ ಕೆಲವೇ ಗತಿಗಳಿಗೆ ಇಳಿಸಲಾಗಿತ್ತು. ಅಷ್ಟು ಹೊತ್ತಿನ ಕಾರ್ಮೋಡದ ಬಳಿಕ ಪಿಯಾನೊ ತನ್ನದೇ ಹೊಸ ರಾಗದೊಂದಿಗೆ ಬರುವುದರಲ್ಲೇ ಆ ಪ್ರವೇಶದ ಸೊಗಸಿದೆ. ಮೋಡವನ್ನೇ ಕತ್ತರಿಸಿದರೆ ಸೊಗಸೆಲ್ಲಿ?

ಪಶ್ಚಿಮದ ಎಷ್ಟೋ ಊರುಗಳಲ್ಲಿ ಹವ್ಯಾಸಿಗಳೇ ಕಟ್ಟಿಕೊಂಡ ಸಮುದಾಯ ವಾದ್ಯವೃಂದಗಳು ಇಂಥ ಸ್ಪರ್ಧೆ ನಡೆಸುತ್ತವೆ. ಗೆದ್ದವರಿಗೆ ದೊರೆಯುವ ಬಹುಮಾನವೆಂದರೆ ಆ ವೃಂದದೊಡನೆ ಒಂದು ಕಚೇರಿ. ಹಗಲು ಅಂಗಡಿಯಲ್ಲೋ ಕಚೇರಿಯಲ್ಲೋ ದುಡಿದು ಸಂಜೆ ಬಂದು ಕೂರುವ ಆ ವಾದಕರು ಅಲ್ಲಲ್ಲಿ ತಪ್ಪಬಹುದು. ಆದರೆ ಕಾಯುತ್ತಾರೆ, ಕೇಳುತ್ತಾರೆ. ನಮ್ಮಲ್ಲಿ ಬಹುಪಾಲು ಮಕ್ಕಳು ಲಂಡನ್ನಿನ ಮಂಡಳಿಗಳ ಎಂಟು ಶ್ರೇಣಿಗಳ ಪರೀಕ್ಷೆಯನ್ನು ಒಬ್ಬೊಬ್ಬರೇ ಏರುತ್ತಾರೆ. 1987ರಲ್ಲಿ ಅರುಣಾ ಸುಂದರಲಾಲ್ ಸ್ಥಾಪಿಸಿದ ಬ್ಯಾಂಗಲೋರ್ ಸ್ಕೂಲ್ ಆಫ್ ಮ್ಯೂಸಿಕ್‌ನಂಥ ಸಂಸ್ಥೆಗಳ ಸೇವೆ ದೊಡ್ಡದು. ಆದರೂ ವೈಟ್‌ಫೀಲ್ಡಿನ ಮಗುವಿಗೆ ಶಾಲೆ ಮುಗಿಸಿ ಆರ್.ಟಿ. ನಗರ ತಲುಪುವುದೇ ಒಂದು ಯಾತ್ರೆ.

ಈ ಸಂಗೀತ ನಾಡಿಗೆ ಹೊಸದೇನಲ್ಲ. ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲಾರ್ಮೋನಿಯಾ ಕಚೇರಿ ಸಂಘದ ಮೊದಲ ಅಧ್ಯಕ್ಷರಾಗಿದ್ದರು. ರಷ್ಯನ್ ರಚನಕಾರ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೇ ಅರ್ಪಿಸಿದ್ದಾನೆ. ಇನ್ನು ಕೇಳುವ ವಿದ್ಯೆಯಂತೂ ನಮ್ಮ ಮನೆಯದೇ. ಮಲ್ಲೇಶ್ವರದ ಬಳಿ ಪಿಟೀಲಿನಾಕಾರದಲ್ಲಿ ನಿಂತಿರುವ ಸಭಾಭವನ ಯಾರ ಸ್ಮಾರಕ? ದೊಡ್ಡ ದೊಡ್ಡ ಗಾಯಕರ ಪಕ್ಕದಲ್ಲಿ ಕುಳಿತು ನುಡಿಸಿದ ಟಿ. ಚೌಡಯ್ಯನವರದು. ಕರ್ನಾಟಕ ಸಂಗೀತ ಕಲಿಯುವ ಹುಡುಗ ಪಿಟೀಲು ಹಿಡಿದರೆ, ಗಾಯಕನ ಉಸಿರನ್ನು ಹಿಂಬಾಲಿಸುವುದನ್ನು ಬೇಗನೆ ಕಲಿಯಬೇಕಾಗುತ್ತದೆ.

ಸ್ಪರ್ಧೆ ಬೇಡವೆಂದು ನಾನು ಹೇಳಲಾರೆ. ಆದರೆ ಅಂತಿಮ ಸುತ್ತಿಗೆ ಬಂದವರೆಲ್ಲ ಒಬ್ಬರು ಮುಂದೆ ನಿಂತಾಗ ಉಳಿದವರು ಹಿಂದಿನ ಸಾಲಿನಲ್ಲಿ ಕುಳಿತು ನುಡಿಸಲಿ, ಅದಕ್ಕೂ ಅಂಕವಿರಲಿ ಎಂದು ಸಂಘಟಕರೊಬ್ಬರಿಗೆ ಸೂಚಿಸಿದೆ. ಅವರು ನಕ್ಕು, ಪೋಷಕರು ಒಪ್ಪುವುದಿಲ್ಲ ಫಾದರ್, ಎಂದರು.

ಹೊರಡುವಾಗ ಆ ಹುಡುಗಿಯನ್ನು ಮಾತನಾಡಿಸಿದೆ. ಮನೆಯಲ್ಲಿ ವಾದ್ಯವೃಂದದ ಧ್ವನಿಮುದ್ರಣವನ್ನು ಕಿವಿಗೆ ಸಿಕ್ಕಿಸಿಕೊಂಡು ಅಭ್ಯಾಸ ಮಾಡುತ್ತಾಳಂತೆ. “ಅದು ನನಗಾಗಿ ನಿಲ್ಲೋದಿಲ್ಲ ಫಾದರ್, ನಾನೇ ಓಡಬೇಕು,” ಎಂದಳು. ಬಸೂನ್ ಎಂಬ ಸುಷಿರವಾದ್ಯವನ್ನು ಆಕೆ ಕಣ್ಣಾರೆ ಕಂಡಿರಲಿಲ್ಲ. ಆಕೆ ನುಡಿಸಿದ ಮೊದಲ ಭಾಗ ಅಬ್ಬರದಿಂದ ಕೊನೆಗೊಂಡಾಗ, ಎಲ್ಲ ವಾದ್ಯಗಳೂ ಸುಮ್ಮನಾದ ಮೇಲೂ, ಒಂದು ಬಸೂನ್ ಮಾತ್ರ ಒಂದೇ ಸ್ವರವನ್ನು ಹಿಡಿದು ನಿಂತು ಎರಡನೆಯ ಭಾಗಕ್ಕೆ ದಾರಿ ತೆರೆಯುತ್ತದೆ. ಅಂದು ಸಭಾಂಗಣದಲ್ಲಿ ಆ ಸ್ವರ ಬರಬೇಕಾದ ಜಾಗದಲ್ಲಿ ಚಪ್ಪಾಳೆ ಬಿದ್ದಿತ್ತು.