ಲೆಕ್ಕಕ್ಕೆ ಸಿಗದ ಉಪ್ಪುನೀರು

ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಬೇಸಿಗೆಯ ಉಪ್ಪಿನಾಗರ ನೋಡಿದವರಿಗೆ ಚಿಲಿ ದೇಶದ ಲಿಥಿಯಂ ಉದ್ಯಮ ಅರ್ಥವಾಗಲು ಹೆಚ್ಚು ಹೊತ್ತು ಬೇಡ. ಆಗರದಲ್ಲಿ ಉಪ್ಪುನೀರನ್ನು ಒಂದು ಪಾತಿಯಿಂದ ಇನ್ನೊಂದು ಪಾತಿಗೆ ಹಾಯಿಸುತ್ತಾ ಬಿಸಿಲಿಗೆ ಬಿಡುತ್ತಾರೆ. ನೀರು ಹೋಗಿ ಉಪ್ಪು ಉಳಿಯುತ್ತದೆ. ಆಂಡಿಸ್ ಪರ್ವತದ ಮಗ್ಗುಲಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 2,300 ಮೀಟರ್ ಎತ್ತರದಲ್ಲಿರುವ ಅಟಕಾಮದ ಉಪ್ಪುಬಯಲಿನಲ್ಲೂ ನಡೆಯುವುದು ಇದೇ ಕೆಲಸ. ನೆಲದಡಿಯ ಉಪ್ಪುನೀರನ್ನು ಪಂಪಿನಿಂದ ಎತ್ತಿ, ಹೊಂಡದಿಂದ ಹೊಂಡಕ್ಕೆ ಸಾಗಿಸುತ್ತಾ ವರ್ಷ, ಒಂದೂವರೆ ವರ್ಷ ಬಿಸಿಲಿಗೆ ಕಾಯಿಸುತ್ತಾರೆ. ಮೊದಲ ಹೊಂಡದ ನೀರು ತಿಳಿನೀಲಿ. ಮುಂದೆ ಹೋದಂತೆ ಹಸಿರು. ಕೊನೆಯ ಹೊಂಡದಲ್ಲಿ ಅರಿಶಿನ ಕದಡಿದಂಥ ಮಂದ ದ್ರವ. ಅದರಲ್ಲಿ ಶೇ 6ರಷ್ಟು ಲಿಥಿಯಂ. ಟ್ಯಾಂಕರ್‌ಗಳು ಅದನ್ನು ಆಂಟೊಫಗಾಸ್ತಾ ನಗರದ ಹತ್ತಿರದ ಕಾರ್ಖಾನೆಗಳಿಗೆ ಒಯ್ಯುತ್ತವೆ. ಅಲ್ಲಿ ಅದು ಬಿಳಿ ಪುಡಿಯಾಗಿ, ಮೂಟೆ ಸೇರಿ, ಹಡಗು ಹತ್ತುತ್ತದೆ.

ಎರಡಕ್ಕೂ ಒಂದು ವ್ಯತ್ಯಾಸವಿದೆ. ಸಾಣಿಕಟ್ಟಾಕ್ಕೆ ಭರತದ ಜೊತೆ ಸಮುದ್ರ ಮತ್ತೆ ಬರುತ್ತದೆ. ಅಟಕಾಮದ ನೆಲದಡಿಯ ಉಪ್ಪುನೀರು ಸಾವಿರಾರು ವರ್ಷಗಳಲ್ಲಿ ಕೂಡಿದ್ದು. ಹೊಂಡದಿಂದ ಆವಿಯಾದದ್ದು ತಿರುಗಿ ಅದೇ ನೆಲಕ್ಕೆ ಬರುವುದಿಲ್ಲ.

ಚಿಲಿಯ ಲಿಥಿಯಂ ಜಗತ್ತಿನಲ್ಲೇ ಅತಿ ಅಗ್ಗವಾಗಿ ತಯಾರಾಗುವ ಲಿಥಿಯಂಗಳಲ್ಲಿ ಒಂದು ಎಂದು ಉದ್ಯಮದವರು ಹೇಳುವುದು ಸುಳ್ಳಲ್ಲ. ಆಸ್ಟ್ರೇಲಿಯದಲ್ಲಿ ಬಂಡೆ ಸಿಡಿಸಬೇಕು, ಪುಡಿ ಮಾಡಬೇಕು, ಸಾವಿರ ಡಿಗ್ರಿಗೂ ಮೇಲೆ ಹುರಿಯಬೇಕು, ಆಮೇಲೆ ಆಮ್ಲದಲ್ಲಿ ಬೇಯಿಸಬೇಕು. ಅಟಕಾಮದಲ್ಲಿ ಇಂಧನದ ಬಹುಪಾಲು ಕೆಲಸ ಸೂರ್ಯನದು. ಮಳೆ ಇಲ್ಲವೆನ್ನುವಷ್ಟು ಕಡಿಮೆ, ಗಾಳಿ ಒಣ, ಉಪ್ಪುನೀರಿನಲ್ಲಿ ಲಿಥಿಯಂ ಸಾಂದ್ರತೆ ಹೆಚ್ಚು, ಬೇರ್ಪಡಿಸಲು ಕಾಡುವ ಮೆಗ್ನೀಸಿಯಂ ಕಡಿಮೆ. ಪಕ್ಕದ ಬೊಲಿವಿಯದ ಉಯುನಿ ಬಯಲು ಇದಕ್ಕಿಂತ ಎಷ್ಟೋ ದೊಡ್ಡದು. ಆದರೂ ಅಲ್ಲಿ ಮಳೆ ಮತ್ತು ಮೆಗ್ನೀಸಿಯಂ ಎರಡೂ ಹೆಚ್ಚಾಗಿ ಉದ್ಯಮ ಇನ್ನೂ ತೆವಳುತ್ತಿದೆ. 2022ರ ಕೊನೆಗೆ ಟನ್ ಲಿಥಿಯಂ ಕಾರ್ಬೊನೇಟ್‌ಗೆ 70,000 ಡಾಲರ್ ದಾಟಿದ್ದ ಬೆಲೆ 2024ರ ಹೊತ್ತಿಗೆ 10,000 ಡಾಲರ್ ಆಸುಪಾಸಿಗೆ ಕುಸಿದಾಗ ಆಸ್ಟ್ರೇಲಿಯದ ಕೆಲವು ಗಣಿಗಳು ಬಾಗಿಲು ಹಾಕಿದವು. ಚಿಲಿಯ ಹೊಂಡಗಳು ನಿಲ್ಲಲಿಲ್ಲ.

ಇಷ್ಟಿದ್ದೂ ಚಿಲಿ ಮೊದಲ ಸ್ಥಾನ ಕಳೆದುಕೊಂಡಿದೆ. ಅಮೆರಿಕದ ಭೂವಿಜ್ಞಾನ ಇಲಾಖೆಯ 2025ರ ಲೆಕ್ಕದಂತೆ ಜಗತ್ತಿನ ಲಿಥಿಯಂ ನಿಕ್ಷೇಪದ ಸುಮಾರು ಮೂರನೇ ಒಂದು ಪಾಲು ಚಿಲಿಯಲ್ಲಿದೆ. 2024ರ ಉತ್ಪಾದನೆಯಲ್ಲಿ ಅದರ ಪಾಲು ಐದನೇ ಒಂದರಷ್ಟು ಮಾತ್ರ: 2,40,000 ಟನ್‌ನಲ್ಲಿ 49,000 ಟನ್. ಆಸ್ಟ್ರೇಲಿಯ 88,000 ಟನ್ ತೆಗೆಯಿತು, ಚೀನಾ 41,000 ಟನ್ ತೆಗೆದು ಬೆನ್ನಿಗೇ ಬಂದು ನಿಂತಿತ್ತು. ಇದಕ್ಕೆ ಸರ್ಕಾರದ ಹಿಡಿತವೇ ಕಾರಣ ಎಂದು ಬಂಡವಾಳದ ಪರವಾದ ವಿಶ್ಲೇಷಕರು ದೂರುತ್ತಾರೆ. ಅರ್ಧ ನಿಜ. ಲಿಥಿಯಂ ಅನ್ನು ಸರ್ಕಾರದ ಸ್ವತ್ತೆಂದು ಸಾರಿದ್ದು 1979ರಲ್ಲಿ, ಪಿನೋಚೆಯ ಸೈನಿಕ ಆಡಳಿತ. ಹೈಡ್ರೊಜನ್ ಬಾಂಬಿಗೆ ಬೇಕಾದ ವಸ್ತು ಎಂಬ ಕಾರಣಕ್ಕೆ. ಇಂದಿಗೂ ಎಷ್ಟು ಲಿಥಿಯಂ ಮಾರಬಹುದೆಂಬ ಮಿತಿಗೆ ಅಲ್ಲಿನ ಪರಮಾಣು ಶಕ್ತಿ ಆಯೋಗದ ಒಪ್ಪಿಗೆ ಬೇಕು. ತಾಮ್ರ ತೆಗೆಯಲು ಖಾಸಗಿಯವರಿಗೆ ಪರವಾನಗಿ ಸಿಗುತ್ತದೆ, ಲಿಥಿಯಂಗೆ ಸಿಗುವುದಿಲ್ಲ. ಹಾಗಾಗಿ ದಶಕಗಳ ಕಾಲ ಒಂದೇ ಬಯಲು, ಎರಡೇ ಕಂಪನಿ: ಎಸ್‌ಕ್ಯೂಎಂ ಮತ್ತು ಅಮೆರಿಕದ ಆಲ್ಬಮಾರ್ಲ್.

ಇನ್ನರ್ಧ ನಿಜವನ್ನು ಆ ವಿಶ್ಲೇಷಕರು ಬಿಡುತ್ತಾರೆ. ಎಸ್‌ಕ್ಯೂಎಂ ಹುಟ್ಟಿದ್ದು 1968ರಲ್ಲಿ, ಸರ್ಕಾರದ ಪಾಲುದಾರಿಕೆಯಲ್ಲಿ. ಎಂಬತ್ತರ ದಶಕದಲ್ಲಿ ಅದು ಖಾಸಗಿಯವರ ಪಾಲಾಯಿತು. ಅದರ ಮೇಲೆ ಬಹುಕಾಲ ಹಿಡಿತ ಸಾಧಿಸಿದವರು ಪಿನೋಚೆಯ ಅಳಿಯನಾಗಿದ್ದ ಹೂಲಿಯೊ ಪೊನ್ಸೆ ಲೆರೂ. ಕಾಗದದ ಮೇಲೆ ಖನಿಜ ದೇಶದ್ದು, ಲಾಭ ಕೆಲವರದ್ದು. ಈ ಅನ್ಯಾಯ ಸ್ವಲ್ಪಮಟ್ಟಿಗೆ ನೇರವಾದದ್ದು 2018ರಲ್ಲಿ. ಸರ್ಕಾರದ ಅಭಿವೃದ್ಧಿ ಸಂಸ್ಥೆ ಕೊರ್ಫೊ ಎಸ್‌ಕ್ಯೂಎಂ ಜೊತೆ ಹೊಸ ಒಪ್ಪಂದ ಮಾಡಿಕೊಂಡು, ಬೆಲೆ ಏರಿದಂತೆ ರಾಜಧನವೂ ಏರುವ ಏರ್ಪಾಡು ತಂದಿತು. ಟನ್ನಿಗೆ 10,000 ಡಾಲರ್ ಮೀರಿದ ಭಾಗದ ಮೇಲೆ ಶೇ 40. ಬೆಲೆ ಮುಗಿಲು ಮುಟ್ಟಿದ 2022ರಲ್ಲಿ ಆ ಹಣ ಬೊಕ್ಕಸಕ್ಕೆ ಹರಿದು ಬಂತು. ನನ್ನ ದೃಷ್ಟಿಯಲ್ಲಿ ಚಿಲಿ ಲಿಥಿಯಂ ವಿಚಾರದಲ್ಲಿ ಮಾಡಿದ ಅತ್ಯುತ್ತಮ ಕೆಲಸ ಇದೇ. ಬಳ್ಳಾರಿಯ ಕಬ್ಬಿಣದ ಅದಿರಿಗೆ ಚೀನಾದಲ್ಲಿ ಚಿನ್ನದ ಬೆಲೆ ಬಂದಿದ್ದ ದಿನಗಳಲ್ಲಿ ನಮ್ಮ ಬೊಕ್ಕಸಕ್ಕೆ ಬಂದ ಪುಡಿಗಾಸನ್ನು ನೆನೆದರೆ ಈ ಏರುವ ರಾಜಧನದ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಪುಡಿ ಮಾರುವ ದೇಶ ಬ್ಯಾಟರಿ ಮಾಡುವ ದೇಶವಾಗಬೇಕೆಂಬ ಆಸೆ ಮಾತ್ರ ಕೈಗೂಡಲಿಲ್ಲ. ಸ್ಥಳೀಯವಾಗಿ ಬ್ಯಾಟರಿ ಸಾಮಗ್ರಿ ತಯಾರಿಸುವವರಿಗೆ ಉತ್ಪಾದನೆಯ ಕಾಲುಭಾಗವನ್ನು ರಿಯಾಯಿತಿ ಬೆಲೆಗೆ ಕೊಡುವ ಶರತ್ತನ್ನು ಕೊರ್ಫೊ ಹಾಕಿತ್ತು. 2023ರಲ್ಲಿ ಚೀನಾದ ಬಿವೈಡಿ 29 ಕೋಟಿ ಡಾಲರ್‌ನ ಕ್ಯಾಥೋಡ್ ಕಾರ್ಖಾನೆಗೆ ಆಯ್ಕೆಯಾಯಿತು, ತ್ಸಿಂಗ್‌ಶಾನ್ ಕೂಡ ಬಂತು. 2025ರ ಮೇ ಹೊತ್ತಿಗೆ ಇಬ್ಬರೂ ಹಿಂದೆ ಸರಿದಿದ್ದರು. ಅದಕ್ಕೂ ಮೊದಲು ಆಯ್ಕೆಯಾಗಿದ್ದ ಸ್ಯಾಮ್‌ಸಂಗ್ ಮತ್ತು ಪಾಸ್ಕೊ ಕೂಟವೂ ಇದೇ ದಾರಿ ಹಿಡಿದಿತ್ತು. ಕಚ್ಚಾಮಾಲಿನ ರಿಯಾಯಿತಿಯೊಂದರಿಂದ ಕಾರ್ಖಾನೆ ಬರುವುದಿಲ್ಲ. ಬ್ಯಾಟರಿ ಕೊಳ್ಳುವ ಕಾರು ಕಾರ್ಖಾನೆ, ಬಿಡಿಭಾಗದವರು, ಪಳಗಿದ ಕೈಗಳು ಎಲ್ಲ ಇರುವುದು ಚೀನಾದ ಕರಾವಳಿಯಲ್ಲಿ, ಸಾಗರದ ಆಚೆ.

ಈಗ ನೀರಿನ ಮಾತು. ಈ ಉದ್ಯಮದ ನಿಜವಾದ ಪರೀಕ್ಷೆ ನಡೆಯಬೇಕಾದದ್ದು ಇಲ್ಲಿ, ಪೈಪೋಟಿಯ ಪಟ್ಟಿಗಳು ಮುಟ್ಟದ ಜಾಗದಲ್ಲಿ.

ಚಿಲಿಯ ಕಾನೂನಿನಲ್ಲಿ ನೆಲದಡಿಯ ಉಪ್ಪುನೀರು ನೀರಲ್ಲ, ಖನಿಜ. ಬಾವಿಯಿಂದ ಎತ್ತುವ ಸಿಹಿನೀರಿಗೆ ನೀರಿನ ಹಕ್ಕಿನ ಪತ್ರ ಬೇಕು. ಸೆಕೆಂಡಿಗೆ ಸಾವಿರ ಲೀಟರ್‌ಗೂ ಹೆಚ್ಚು ಎತ್ತುವ ಉಪ್ಪುನೀರು ಬೇರೆಯೇ ಕಡತ. ನೆಲಕ್ಕೆ ಈ ಭೇದ ಗೊತ್ತಿಲ್ಲ. ಬೆಟ್ಟದ ಕಡೆಯಿಂದ ಇಳಿಯುವ ಸಿಹಿನೀರು ಬಯಲಿನ ಅಂಚಿನಲ್ಲಿ ಭಾರದ ಉಪ್ಪುನೀರಿನ ಮೇಲೆ ತೇಲಿದಂತೆ ನಿಲ್ಲುತ್ತದೆ. ಆ ಅಂಚಿನಲ್ಲೇ ಕುಂಟೆಗಳು, ಹುಲ್ಲುಗಾವಲು, ತೊಕೊನಾವೊ, ಕಮಾರ್, ಪೇಯ್ನೆಯಂಥ ಹಳ್ಳಿಗಳು. ಅಲ್ಲಿ ಲಿಕನಾಂತಾಯ್ ಜನ ಶತಮಾನಗಳಿಂದ ಕಾಲುವೆ ತೋಡಿ ಜೋಳ ಬೆಳೆದು, ಲಾಮಾ ಮೇಯಿಸಿ ಬದುಕಿದ್ದಾರೆ. ನಡುವಿನ ಉಪ್ಪುನೀರನ್ನು ಎತ್ತಿದರೆ ಅಂಚಿನ ಸಿಹಿನೀರಿಗೆ ಏನಾಗುತ್ತದೆ ಎಂಬ ಪ್ರಶ್ನೆ ಮೂವತ್ತು ವರ್ಷ ಕಂಪನಿಗಳ ಮಾದರಿಗಳಲ್ಲೇ ಉಳಿಯಿತು.

ಉತ್ತರದ ಸುಳಿವು ಕೊಟ್ಟವುಗಳಲ್ಲಿ ಒಂದು ಮರ. ಅಲ್ಲಿ ಅಲ್ಗರೊಬೊ ಎಂಬ ಮರವಿದೆ, ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಬಂಧು. ಬೇರು ಬಹಳ ಆಳಕ್ಕೆ ಇಳಿಯುತ್ತದೆ. ಬಳ್ಳಾರಿ ಜಾಲಿಯನ್ನು ಕಂಡವರಿಗೆ ಹೇಳಬೇಕಿಲ್ಲ: ಕಡಿದರೂ ಚಿಗುರುತ್ತದೆ, ಬರಕ್ಕೆ ಬಗ್ಗುವುದಿಲ್ಲ, ಊರೆಲ್ಲ ಒಣಗಿದಾಗಲೂ ಹಸಿರಾಗಿ ನಿಲ್ಲುತ್ತದೆ. ಅಂಥ ಜಾತಿಯ ಮರಗಳು ಕಮಾರ್ ಕಡೆಯ ಕಂಪನಿ ಬಾವಿಯ ಸುತ್ತ ಒಣಗತೊಡಗಿದವು, ಮೂರರಲ್ಲಿ ಒಂದರಂತೆ. 2016ರಲ್ಲಿ ಚಿಲಿಯ ಪರಿಸರ ನಿಯಂತ್ರಣ ಸಂಸ್ಥೆ ಎಸ್‌ಕ್ಯೂಎಂ ಮೇಲೆ ಹೊರಿಸಿದ ಆರೋಪಗಳಲ್ಲಿ ಮಿತಿ ಮೀರಿ ಉಪ್ಪುನೀರು ಎತ್ತಿದ್ದರ ಜೊತೆಗೆ ಈ ಮರಗಳ ವಿಷಯವೂ ಇತ್ತು. ಕಂಪನಿ ತಿದ್ದುಪಡಿ ಯೋಜನೆ ಕೊಟ್ಟಿತು. ಸಂಸ್ಥೆ ಒಪ್ಪಿತು. ಹಳ್ಳಿಯವರು ಒಪ್ಪದೆ ಕೋರ್ಟಿಗೆ ಹೋದರು. 2019ರ ಡಿಸೆಂಬರ್‌ನಲ್ಲಿ ಆಂಟೊಫಗಾಸ್ತಾದ ಪರಿಸರ ನ್ಯಾಯಾಲಯ ಆ ಒಪ್ಪಿಗೆಯನ್ನು ರದ್ದು ಮಾಡಿತು. ಆಮೇಲೆ 2030ರೊಳಗೆ ಉಪ್ಪುನೀರಿನ ಬಳಕೆಯನ್ನು ಅರ್ಧಕ್ಕೆ ಇಳಿಸುವುದಾಗಿ ಕಂಪನಿ ಮಾತು ಕೊಟ್ಟಿತು. ಅರ್ಧದಲ್ಲಿ ಕೆಲಸ ನಡೆಯುವುದಾದರೆ ಇಷ್ಟು ವರ್ಷ ಇಡೀ ಎತ್ತಿದ್ದು ಏಕೆ?

ಒಣಗಿದ ಮರಗಳ ಮಾತನ್ನೇ ರಾಜಹಂಸಗಳ ಲೆಕ್ಕವೂ ಹೇಳುತ್ತದೆ. ಅಟಕಾಮದ ಕೊಳಗಳಲ್ಲಿ ಎರಡು ಜಾತಿಯ ರಾಜಹಂಸಗಳ ಸಂಖ್ಯೆ 11 ವರ್ಷಗಳಲ್ಲಿ ಶೇ 10ರಿಂದ 12ರಷ್ಟು ಇಳಿದಿದೆ ಎಂದು 2022ರ ಅಧ್ಯಯನವೊಂದು ತೋರಿಸಿತು.

2023ರ ಏಪ್ರಿಲ್‌ನಲ್ಲಿ ಆಗಿನ ಅಧ್ಯಕ್ಷ ಗಬ್ರಿಯೆಲ್ ಬೊರಿಕ್ ರಾಷ್ಟ್ರೀಯ ಲಿಥಿಯಂ ನೀತಿ ಪ್ರಕಟಿಸಿದರು. ಮರುವರ್ಷ ಸರ್ಕಾರಿ ತಾಮ್ರ ಕಂಪನಿ ಕೊಡೆಲ್ಕೊ, ಎಸ್‌ಕ್ಯೂಎಂ ಜೊತೆ 2060ರವರೆಗಿನ ಪಾಲುದಾರಿಕೆಗೆ ಸಹಿ ಹಾಕಿತು. ಸರ್ಕಾರದ ಪಾಲು ಅರ್ಧಕ್ಕಿಂತ ಒಂದು ಷೇರು ಹೆಚ್ಚು. ಒಡೆತನದ ದೃಷ್ಟಿಯಿಂದ ಇದು ದೊಡ್ಡ ಗೆಲುವು, ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ 2024ರ ಜನವರಿಯಲ್ಲಿ, ನಮ್ಮನ್ನು ಕೇಳದೆ ಮಾತು ಮುಗಿಸಿದಿರಿ ಎಂದು ಲಿಕನಾಂತಾಯ್ ಜನ ಗಣಿಯ ರಸ್ತೆಗೆ ಅಡ್ಡ ಕೂತರು. ಆವಿ ಮಾಡದೆ ಲಿಥಿಯಂ ಹೀರಿ ಉಪ್ಪುನೀರನ್ನು ನೆಲಕ್ಕೆ ತಿರುಗಿ ಬಿಡುವ ಹೊಸ ತಂತ್ರವನ್ನು ನೀತಿ ನೆಚ್ಚಿಕೊಂಡಿದೆ. ಒಳ್ಳೆಯದು. ಆದರೆ ಆ ತಂತ್ರಕ್ಕೂ ಸಿಹಿನೀರು ಬೇಕು, ವಿದ್ಯುತ್ ಬೇಕು. ಬಿಸಿಲು ಪುಕ್ಕಟೆ ಕೊಟ್ಟಿದ್ದ ಅಗ್ಗ ಆಗ ಉಳಿಯುವುದಿಲ್ಲ.

ಉಳಿಯಬಾರದು ಎಂದೇ ನನ್ನ ವಾದ. ಬೆಂಗಳೂರಿನಲ್ಲಿ ಓಡುವ ಒಂದೊಂದು ವಿದ್ಯುತ್ ಸ್ಕೂಟರಿನ ಹೊಟ್ಟೆಯಲ್ಲೂ ಕೆಲವು ನೂರು ಗ್ರಾಂ ಲಿಥಿಯಂ ಇರುತ್ತದೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಸಿಕ್ಕ 1,600 ಟನ್ನಿನ ಸಣ್ಣ ನಿಕ್ಷೇಪ ದೇಶದ ಬೇಡಿಕೆಗೆ ಎಲ್ಲೂ ಸಾಲದು. ನಾವು ಕೊಳ್ಳುವವರು, ಬೆಲೆಯಲ್ಲಿ ನಮಗೂ ಪಾಲಿದೆ. ಅಟಕಾಮದ ಉಪ್ಪುನೀರನ್ನು ಕಾನೂನು ನೀರೆಂದು ಕರೆದು, ಎತ್ತಿದ ಒಂದೊಂದು ಲೀಟರಿಗೂ ಹಳ್ಳಿಗಳೆದುರು ಲೆಕ್ಕ ಒಪ್ಪಿಸುವವರೆಗೆ, ಚಿಲಿಯ ಲಿಥಿಯಂ ಅಗ್ಗದ್ದೆಂದು ನಾನು ಒಪ್ಪಲಾರೆ.